ಹಾಸಿಗೆ ಗಂಟು

“ಸಹಿ ಬರದಿದ್ರೆ ಹೆಬ್ಬೆಟ್ಟು ಒತ್ತಿ, ಸಾಕು” ಎಂದು ಕೋಚ್ ಹೇಳಿದ್ದೇ ತಡ, ಆಕೆ ಕುರ್ಚಿಯಿಂದ ಎದ್ದುಬಿಟ್ಟಳು.

ಕೋಚಿಗೆ ತಲೆಬುಡ ತಿಳಿಯಲಿಲ್ಲ. ಹಸಿರು ಮೈದಾನ ತೋರಿಸಿದ್ದ, ಗೆದ್ದ ಕಪ್ಪುಗಳನ್ನು ತೋರಿಸಿದ್ದ. ಆಕೆ ಅದಾವುದನ್ನೂ ನೆಟ್ಟಗೆ ನೋಡಲಿಲ್ಲ. ಹೆತ್ತವರ ಸಹಿ ಇಲ್ಲದೆ ಹುಡುಗಿಯರನ್ನು ಸೇರಿಸಿಕೊಳ್ಳುತ್ತೀರಾ ಎಂದು ಕೇಳಿದ್ದಳು. ಛೆ ಛೆ, ಆ ಮಾತೇ ಇಲ್ಲ ಎಂದು ಆತ ಎದೆ ತಟ್ಟಿ ಹೇಳಿದ್ದ. ಪಾಪ, ಓದುಬರಹ ಬಾರದ ಹೆಂಗಸು, ಕಾಗದ ಕಂಡರೆ ಹೆದರುತ್ತಾಳೆ ಎಂದುಕೊಂಡು ಹೆಬ್ಬೆಟ್ಟಿನ ದಾರಿ ಹೇಳಿಕೊಟ್ಟ.

“ಒಂದ್ಸಲ ಮಗಳನ್ನ ಕರ್ಕೊಂಡ್ ಬನ್ನಿ, ಆಟ ನೋಡೋಣ.”

“ಬಂದ್ರೆ ಕರ್ಕೊಂಡ್ ಬರ್ತೀನಿ” ಎಂದು ಆಕೆ ಚೀಲ ಎತ್ತಿಕೊಂಡಳು.

ಹಿಂದಿನ ಗೇಟಿನ ಕಡೆಯಿಂದ ಆಕೆಯ ತಮ್ಮ ಕಾಲೆಳೆಯುತ್ತ ಬಂದ. ಅವನು ಕ್ಷೌರದವನು, ದಿನವೆಲ್ಲ ನಿಂತು ನಿಂತು ಮಂಡಿ ಸವೆದಿತ್ತು. ಯಾವ ಕ್ಲಬ್ಬಿಗೆ ಹೋದರೂ ಅಕ್ಕ ಮುಂದಿನಿಂದ, ಅವನು ಹಿಂದಿನಿಂದ. ಮೈದಾನ ನಾಲ್ಕೂ ಕಡೆ ನೋಡಬೇಕಲ್ಲ ಎಂದು ಕೇಳಿದವರಿಗೆ ಹೇಳುತ್ತಿದ್ದ. ಅಕ್ಕನ ಮುಖ ನೋಡಿದ. ಆಕೆ ಇಲ್ಲವೆಂದು ತಲೆಯಾಡಿಸಿದಳು. ಇಬ್ಬರೂ ಬಸ್ಸಿನ ಕಡೆ ನಡೆದರು.

ಆಕೆ ಹಾಸಿಗೆ ಹೊಲಿಯುವವಳು. ಹತ್ತಿ ತುಂಬಿ, ದಬ್ಬಣದಲ್ಲಿ ದಾರ ಎಳೆದು, ಎರಡು ಸುತ್ತು ಸುತ್ತಿ, ತುದಿಯನ್ನು ಒಳಗೆ ತೂರಿಸಿ ಹೆಬ್ಬೆರಳಿನಲ್ಲಿ ಒತ್ತಿ ಗಂಟು ಹಾಕುತ್ತಾಳೆ. ಹಾಸಿಗೆ ಹರಿದರೂ ಆ ಗಂಟು ಬಿಚ್ಚುವುದಿಲ್ಲ. ಅದು ಆಕೆಯ ತಾಯಿಯ ಕೈಯಿಂದ ಬಂದದ್ದು. ಆಕೆ ದುಡಿಯುವ ಅಂಗಡಿಯಲ್ಲಿ ಬೇರೆ ಯಾರಿಗೂ ಬಾರದು. ಚೀಲದಲ್ಲಿದ್ದ ಹೊಸ ಫುಟ್‌ಬಾಲ್ ಬೂಟಿನ ಲೇಸಿಗೂ ಅದೇ ಗಂಟು ಹಾಕಿಟ್ಟಿದ್ದಳು. ಬೂಟು ಕೊಳ್ಳುವಾಗ ಅಳತೆ ಕೇಳಿದ್ದಕ್ಕೆ, ಹಳೆಯದಕ್ಕಿಂತ ಒಂದು ದೊಡ್ಡದು ಕೊಡಿ, ಬೆಳೆದಿರಬೇಕು ಎಂದಿದ್ದಳು. ಕಾಲನ್ನು ಮನೆಯಲ್ಲಿ ಬಿಟ್ಟು ಬೂಟು ಕೊಳ್ಳೋಕೆ ಬಂದವರನ್ನ ಇವತ್ತೇ ನೋಡಿದ್ದು ಎಂದು ಬೂಟಿನಂಗಡಿಯವನು ನಕ್ಕಿದ್ದ. ಆಕೆಗೆ ನಗು ಬರಲಿಲ್ಲ.

ಕ್ಲಬ್ಬಿನ ವಿಷಯದಲ್ಲಿ ಒಂದು ಸಲ ಎಡವಿದ್ದಾಗಿತ್ತು. ಮಗಳು ಗೋಲ್‌ಕೀಪರ್. ಗೆಲ್ಲಲೆಂದೇ ಆಡುವ ತಂಡ ಬೇಕು ಎಂದು ಹಟ ಹಿಡಿದಿದ್ದಳು. ಹತ್ತಿರ ಇದ್ದರೆ ಸಾಕು ಎಂದು ತಾಯಿ ಮನೆ ಪಕ್ಕದ, ರಜಾದಿನದಲ್ಲಿ ಚೆಂಡು ಉರುಳಿಸುವ ಮಕ್ಕಳ ಜೊತೆ ಸೇರಿಸಿದಳು. ಮಾತಿಗೆ ಮಾತು ಬೆಳೆಯಿತು. ಸಿಟ್ಟಿನಲ್ಲಿ ತಾಯಿ ಹಳೆಯ ಬೂಟನ್ನು ಬಟ್ಟೆ ಕತ್ತರಿಸುವ ಕತ್ತರಿಯಲ್ಲಿ ಎರಡು ಮಾಡಿದಳು. ಈ ಸಲ ತಪ್ಪಬಾರದು. ನಾಳೆ ತಂಡಗಳೆಲ್ಲ ಊರೂರಿನ ಪಂದ್ಯಗಳಿಗೆ ಹೊರಡುತ್ತವೆ. ಆಮೇಲೆ ಈ ವರ್ಷದ ಮಟ್ಟಿಗೆ ಬಾಗಿಲು ಮುಚ್ಚಿದ ಹಾಗೆ.

ಎಲ್ಲ ಕಡೆಯೂ ಕೇಳಿದ್ದನ್ನೇ ಕೇಳಿದ್ದಳು. ವರ್ಷದ ನಡುವೆ ಬಂದು ಸೇರಿದ ಹುಡುಗಿಯರು ಇದ್ದಾರಾ? ಎಲ್ಲಿ ಮಲಗುತ್ತಾರೆ? ಹೊಟ್ಟೆ ತುಂಬ ಊಟ ಹಾಕುತ್ತೀರಾ? ಮನೆ ಕೊಳ್ಳೋರೂ ಇಷ್ಟು ವಿಚಾರಿಸಲ್ಲಮ್ಮ ಎಂದು ಒಬ್ಬ ಕೋಚ್ ಬೇಸತ್ತು ಕೈ ಮುಗಿದಿದ್ದ.

“ಅಕ್ಕಾ, ಉಳಿದಿರೋದು ಇದೊಂದೇ” ಎಂದ ತಮ್ಮ, ಬಸ್ಸಿಳಿಯುತ್ತ.

ಟಯರ್ ಗೋದಾಮಿನ ಹಿಂದೆ ಹುಲ್ಲಿಲ್ಲದ ಮೈದಾನ. ಬಲೆಯಿಲ್ಲದ ಕಬ್ಬಿಣದ ಕಂಬಗಳು. ತಮ್ಮನ ಮಂಡಿ ಊದಿತ್ತು. ಹಿಂದಿನ ಕಡೆಗೆ ಹೊರಟವನನ್ನು ಆಕೆಯೇ ತಡೆದಳು.

“ಬೇಡ ಕಣೋ, ಇಲ್ಲೇ ಕೂತ್ಕೋ. ಎಷ್ಟು ಅಂತ ನಡೀತೀಯ.”

ಒಳಗೆ ಹುಡುಗಿಯರು ಚೆಂಡಿನ ಹಿಂದೆ ಓಡುತ್ತಿದ್ದರು. ಒಂದು ಕಡೆಯ ಗೋಲು ಖಾಲಿ; ಕಂಬದ ಬುಡದಲ್ಲಿ ಒಂದು ಜೊತೆ ಕೈಗವಸು ಬಿದ್ದಿತ್ತು. ಎಲ್ಲರೂ ಸೀಟಿ ಅಕ್ಕ ಎಂದು ಕರೆಯುವ ಕೋಚ್ ಸುತ್ತ ಕಣ್ಣಾಡಿಸಿ, ಎಲ್ಲಿ ಹಾಳಾಗಿ ಹೋದಳು ಇವಳು ಎಂದು ಗೊಣಗುತ್ತ ಸೀಟಿ ಊದಿದಳು. ಆಟ ನಿಂತಿತು.

ಆಕೆ ಗೇಟು ದಾಟಿ ಬಂದು ಹೆತ್ತವರ ಸಹಿಯ ಮಾತೆತ್ತಿದಳು. ಸೀಟಿ ಅಕ್ಕ ನಕ್ಕಳು. ಕಾಗದ ನೋಡಿ ಯಾರನ್ನೂ ಸೇರಿಸಿಕೊಳ್ಳುವವಳಲ್ಲ ತಾನು. ಆಡುವ ಹುಡುಗಿ ಬಂದು ನಿಂತರೆ ಊರು ಕೇರಿ ಕೇಳುವುದಿಲ್ಲ. ಮಲಗಲು ಗೋದಾಮಿನ ಮೇಲೆ ಕೋಣೆ ಇದೆ, ಊಟ ತನ್ನ ಮನೆಯಿಂದಲೇ ಬರುತ್ತದೆ ಎಂದಳು.

ಆಕೆ ಚೀಲವನ್ನು ಎದೆಗವಚಿಕೊಂಡಳು. ಬೇಕಾಗಿದ್ದದ್ದು ಇಂಥದೇ ಕ್ಲಬ್. ಹುಡುಗಿಯರ ಬಳಿ ನಡೆದು ಒಬ್ಬೊಬ್ಬಳ ಮುಖವನ್ನೂ ದಿಟ್ಟಿಸಿದಳು. ಕೊನೆಯ ಹುಡುಗಿಯ ಮುಂದೆ ನಿಂತಾಗ ಇನ್ನು ನೋಡಲು ಯಾರೂ ಉಳಿದಿರಲಿಲ್ಲ. ಚೀಲ ಕೈಜಾರಿತು.

“ಮುಖ ನೋಡಿ ಏನ್ಮಾಡ್ತೀಯಮ್ಮ” ಎಂದಳು ಸೀಟಿ ಅಕ್ಕ ತಮಾಷೆಗೆ. “ಫುಟ್‌ಬಾಲ್ ಆಡೋರದ್ದು ಕಾಲು ನೋಡ್ಬೇಕು.”

ಆಕೆ ಚೀಲಕ್ಕೆಂದು ಬಗ್ಗಿದಳು. ಬಗ್ಗಿದವಳು ಹಾಗೇ ನಿಂತಳು. ಎದುರಿಗಿದ್ದ ಬೂಟಿನ ಲೇಸು ಎರಡು ಸುತ್ತು ಸುತ್ತಿ, ತುದಿ ಒಳಗೆ ತೂರಿಸಿ ಒತ್ತಿದ್ದು. ಪಕ್ಕದ ಹುಡುಗಿಯದೂ ಹಾಗೇ. ಅದರಾಚೆಯವಳದೂ. ಎಲ್ಲರ ಕಾಲಲ್ಲೂ ಹಾಸಿಗೆ ಗಂಟು.

“ಇದನ್ನ ಕಟ್ಟೋಕೆ ಯಾರು ಹೇಳ್ಕೊಟ್ರು ಪುಟ್ಟಿ?” ಎಲ್ಲರಿಗಿಂತ ಚಿಕ್ಕವಳನ್ನು ಕೇಳಿದಳು.

ಹುಡುಗಿ ಖಾಲಿ ಗೋಲಿನ ಕಡೆ ಕೈ ತೋರಿಸಿದಳು. “ನಮ್ಮ ಕೀಪರ್ ಅಕ್ಕ. ಈಗ ತಾನೇ ಅಲ್ಲೇ ಇದ್ಲು, ನೀವು ಗೇಟಲ್ಲಿ ಕಂಡಿದ್ದೇ ‘ಅಯ್ಯೋ, ನಮ್ಮಮ್ಮ’ ಅಂತ ಹಿಂದಿನ ಗೋಡೆ ಹಾರಿ ಓಡಿಹೋದ್ಲು.”