ಒಂದು ಹೆಜ್ಜೆ ಮುಂದಿದ್ದವನು

ಕಾರ್ಡು ಓದಿ ಮುಗಿಸುತ್ತಲೇ ಪೋಸ್ಟಮನ್ ಶಿವಯೋಗೆಪ್ಪ ಹಿಂದೆ ಸರಿದ. ಹೊರಸಿನ ಮೇಲೆ ಮಲಗಿದ್ದ ರಾಮಲಿಂಗನ ಕೈಗೆ ತಂಬಿಗೆ ಸಿಕ್ಕಿತ್ತು. ಅದು ಗೋಡೆಗೆ ಬಡಿದು ಉರುಳಿತು.

"ಇನ್ನೊಮ್ಮೆ ಓದು."

"'ರಾಮ್ಯಾ, ಇವತ್ತ ಹೊರಸ ಹಿಡಕೊಂಡ ಹತ್ತ ಹೆಜ್ಜಿ ಹಾಕಿದೆ. ನೀ ಎಷ್ಟ ಹಾಕಿದಿ? ಹೊಲಿಗಿ ಕಡೀತಾವೇನು? ಎಲ್ಲಾ ಬರಿ. ಲಾಡಲೇಸಾಬ.' ಇಷ್ಟ ಐತಿ ನೋಡ್ರಿ."

"ನನ್ನ ನೋವ ಕೇಳಿ ನಗಾಕ ಕುಂತಾನ, ಹಲ್ಕಟ್."

ರಾಮಲಿಂಗ ತಿಕೋಟೆಯ ರೈತ. ಲಾಡಲೇಸಾಬನದು ವಿಜಾಪುರದ ಸ್ಟೇಷನ್ ರಸ್ತೆಯಲ್ಲಿ ಸೈಕಲ್ ಅಂಗಡಿ. ಹರೆಯದಲ್ಲಿ ಇಬ್ಬರೂ ಒಂದೇ ತಾಲೀಮಿನ ಮಣ್ಣಿನಲ್ಲಿ ಹೊರಳಿದ ಜೋಡಿ. ಬಬಲೇಶ್ವರದ ಕುಸ್ತಿಯಲ್ಲಿ ಊರೆಲ್ಲ ನೋಡುತ್ತಿದ್ದಂತೆ ಲಾಡಲೇಸಾಬ ಇವನನ್ನು ಚಿತ್ ಮಾಡಿದ್ದ. ಮೂವತ್ತು ವರ್ಷ ಕಳೆದರೂ ರಾಮಲಿಂಗ ಅದನ್ನು ಮರೆತಿರಲಿಲ್ಲ. ಸ್ನೇಹವನ್ನೂ ಬಿಟ್ಟಿರಲಿಲ್ಲ, ಹೊಟ್ಟೆಕಿಚ್ಚನ್ನೂ ಬಿಟ್ಟಿರಲಿಲ್ಲ.

ಆ ಕುಸ್ತಿಯೇ ಕೊನೆಗೆ ಇಬ್ಬರ ಸೊಂಟದ ಕೀಲನ್ನೂ ತಿಂದುಹಾಕಿತು. ಸಾವಿರದ ಒಂಬೈನೂರ ಎಪ್ಪತ್ನಾಲ್ಕರ ಬೇಸಿಗೆಯಲ್ಲಿ ಕೀಲು ಬದಲಿಸಿಕೊಳ್ಳಲು ಮಿರಜದ ಆಸ್ಪತ್ರೆಯೊಂದಕ್ಕೆ ಹೋಗಿ ಅಕ್ಕಪಕ್ಕದ ಮಂಚ ಹಿಡಿದರು. ಅಲ್ಲಿಯೂ ಮೊದಲು ಕರೆದದ್ದು ಲಾಡಲೇಸಾಬನನ್ನೇ. ಅವನನ್ನು ಒಳಗೆ ಒಯ್ದ ಅರ್ಧ ತಾಸಿಗೆಲ್ಲ ರಾಮಲಿಂಗನಿಗೂ ಕರೆ ಬಂತು. ಇವನದು ಮೂರು ತಾಸು ಹಿಡಿಯಿತಂತೆ. ಎರಡು ದಿನ ಜ್ವರದ ಮಂಪರಿನಲ್ಲಿದ್ದು ಸರಿಯಾಗಿ ಕಣ್ಣು ಬಿಟ್ಟಾಗ ಪಕ್ಕದ ಮಂಚದಲ್ಲಿ ಬೇರೆ ಯಾರೋ ಮಲಗಿದ್ದರು. ಲಾಡಲೇಸಾಬ ಊರಿಗೆ ಹೋದನೆಂದು ನರ್ಸು ಹೇಳಿದಳು.

ರಾಮಲಿಂಗ ಲೆಕ್ಕ ಹಾಕಿದ. ಅವನಿಗೆ ಒಳ್ಳೆಯ ಕೀಲು ಹಾಕಿ, ಉಳಿದದ್ದನ್ನು ತನಗೆ ತುರುಕಿದ್ದಾರೆ. ಇಲ್ಲದಿದ್ದರೆ ಅಷ್ಟು ಬೇಗ ಎದ್ದು ಹೋಗುವುದೆಂದರೇನು?

ಊರಿಗೆ ಕಳಿಸುವಾಗ ಡಾಕ್ಟರರು ಎರಡು ಮಾತು ಹೇಳಿದ್ದರು. ಕೀಲು ಹಾಕುವುದು ನಮ್ಮ ಕೆಲಸ, ಅದನ್ನು ನಡೆಸುವುದು ನಿನ್ನ ತೊಡೆಯ ಬಲ. ಮಲಗಿಯೇ ಇದ್ದರೆ ಆ ಬಲ ಮರಳುವುದಿಲ್ಲ. ನೆಲದ ಮೇಲೆ ಮಾತ್ರ ಕೂರಬೇಡ. ರಾಮಲಿಂಗ ಎರಡನೆಯದನ್ನು ಪಾಲಿಸಿದ, ಮೊದಲನೆಯದನ್ನು ಬಿಟ್ಟ. ಕಾಲು ಎತ್ತಿದರೆ ಜೀವ ಹೋದಂತಾಗುತ್ತಿತ್ತು. ಹೆಂಡತಿ ಬೋರವ್ವ ಬೇಡಿಕೊಂಡಳು, ಅತ್ತಳು. "ಈ ಸಲ ಬಿತ್ತಾಕ ನೀವು ಏಳದಿದ್ರ ಹೊಲಾ ಮಂದಿ ಪಾಲಿಗೆ ಕೊಡಬೇಕಾಗ್ತದ್ರಿ" ಎಂದಳು. ಅವನು ಗೋಡೆಯ ಕಡೆ ಹೊರಳಿದ.

ಹೆಂಡತಿಯ ಕಣ್ಣೀರಿನಿಂದ ಆಗದ್ದು ಐದು ಸಾಲಿನ ಕಾರ್ಡಿನಿಂದ ಆಯಿತು.

"ಹನ್ನೆರಡ ಹೆಜ್ಜಿ ಹಾಕೀನಿ ಅಂತ ಬರಿ" ಎಂದು ಶಿವಯೋಗೆಪ್ಪನಿಗೆ ಹೇಳಿದ. ಅದು ಸುಳ್ಳು. ಸುಳ್ಳನ್ನು ನಿಜ ಮಾಡಲು ಆ ಸಂಜೆಯೇ ಹಲ್ಲು ಕಚ್ಚಿ ಎದ್ದು ನಿಂತ. ಬೋರವ್ವನ ಹೆಗಲು ಹಿಡಿದು ಹನ್ನೆರಡು ಹೆಜ್ಜೆ ಹಾಕುವಷ್ಟರಲ್ಲಿ ಅಂಗಿ ಒದ್ದೆಯಾಗಿತ್ತು.

ವಾರಕ್ಕೆ ಉತ್ತರ ಬಂತು: ಲಾಡಲೇಸಾಬ ಇಪ್ಪತ್ತು ಹಾಕಿದ್ದನಂತೆ.

ಮುಂದೆ ಹೀಗೇ ನಡೆಯಿತು. ಇವನು ಮಲಗಿ ಮೂವತ್ತು ಸಲ ಕಾಲು ಎತ್ತಿದೆನೆಂದರೆ ಅವನದು ನಲವತ್ತು. ಇವನು ಬಾಗಿಲು ದಾಟಿದರೆ ಅವನು ಓಣಿ ದಾಟಿದ್ದ. ರಾಮಲಿಂಗ ಪಾದಕ್ಕೆ ಉಸುಕಿನ ಚೀಲ ಕಟ್ಟಿಕೊಂಡು ಎತ್ತಿದ. ಕಿಟಕಿಯ ಸರಳು ಹಿಡಿದು ಕಾಲನ್ನು ಪಕ್ಕಕ್ಕೆ ಚಾಚಿದ. ಬಳಲಿದ ತೊಡೆ ನಡುಗಿದರೆ ಲಾಡಲೇಸಾಬನ ನಗುವ ಮುಖ ಕಣ್ಣಿಗೆ ಕಟ್ಟುತ್ತಿತ್ತು. ಅವನ ಒಂದು ಕಾರ್ಡಿನಲ್ಲಾದರೂ ನೋವಿನ ಮಾತಿಲ್ಲ. ಅಂಗಡಿಯಲ್ಲಿ ಕೂತು ದುಡಿಯುವವನಿಗೆ ಇಷ್ಟು ಚೆಂದದ ಕಾಲು, ಎತ್ತಿನ ಹಿಂದೆ ನಡೆದು ಉಣ್ಣುವ ತನಗೆ ಇಂಥದ್ದು! ಯಾವ ನ್ಯಾಯ ಇದು?

"ಅವರೂ ನಿಮ್ಮಂಗ ಒದ್ದಾಡ್ಯಾರ ಬಿಡ್ರಿ" ಎಂದಳು ಬೋರವ್ವ ಒಮ್ಮೆ.

"ಅಂವಗ ಏನ ಒದ್ದಾಟ? ಹುಟ್ಟಿದಾಗಿಂದ ಎಲ್ಲಾ ಅವಂಗ ಮೊದಲು."

ಆರನೇ ತಿಂಗಳಿಗೆ ಬಂದ ಕಾರ್ಡು ಚಿಕ್ಕದಿತ್ತು. 'ಕೋಲ ಇಲ್ಲದ ಗೋಳಗುಮ್ಮಟದ ತನಕ ಹೋಗಿ ಬಂದೆ.'

ರಾಮಲಿಂಗ ಹದಿನೈದು ದಿನ ನಸುಕಿನಲ್ಲೆದ್ದು ಹೊಲದ ದಾರಿ ತುಳಿದ. ಹದಿನಾರನೆಯ ದಿನ ಕೋಲನ್ನು ಮನೆಯಲ್ಲೇ ಬಿಟ್ಟು ವಿಜಾಪುರದ ಬಸ್ಸು ಹತ್ತಿದ. ತೊರವಿ ದಾಟುವಾಗ ಅವನ ಎದೆ ಕುಸ್ತಿಯ ದಿನದಂತೆ ಹೊಡೆದುಕೊಳ್ಳುತ್ತಿತ್ತು. ಇವತ್ತು ಆ ಮಗನ ಮುಖ ಬಾಡಬೇಕು.

ಬಸ್‌ಸ್ಟ್ಯಾಂಡಿನಿಂದ ಸ್ಟೇಷನ್ ರಸ್ತೆಯವರೆಗೂ ನಡೆದೇ ಬಂದ. ಲಾಡಲೇಸಾಬ ಅಂಗಡಿಯಲ್ಲಿ ಗೋಣಿಚೀಲ ಹಾಸಿ, ಒಂದು ಕಾಲು ಚಾಚಿ, ಪಂಕ್ಚರ್ ಹಚ್ಚುತ್ತಿದ್ದ. ಆರಾಮಾಗಿ ನೆಲದ ಮೇಲೆ! ನೆಲಕ್ಕೆ ಕೂರಬಾರದೆಂಬ ಕಟ್ಟಳೆ ತನಗೊಬ್ಬನಿಗೇ ಏನು? ರಾಮಲಿಂಗನ ಮೈ ಉರಿಯಿತು. ಅಂಗಡಿಯ ಮುಂದೆ ಈ ತುದಿಯಿಂದ ಆ ತುದಿಗೆ ಎದೆ ಸೆಟೆಸಿ ನಡೆದ.

ಲಾಡಲೇಸಾಬನ ಕೈಯಲ್ಲಿದ್ದ ಟ್ಯೂಬು ಕೆಳಗೆ ಬಿತ್ತು. "ಇನ್ನೊಮ್ಮೆ ನಡೀಲೇ, ರಾಮ್ಯಾ" ಎಂದ.

"ಒಬ್ಬನ ಯಾಕ? ಏಳ, ಗೋಳಗುಮ್ಮಟದ ತನಕ ಜೋಡಿ ಹೋಗೂಣು. ಯಾರ ಮುಂದ ನೋಡೂಣು."

"ನೀನ ಗೆದ್ದಿ ಬಿಡೋ."

ಮೂವತ್ತು ವರ್ಷ ಕಾದ ಮಾತು. ಆದರೆ ಇಷ್ಟು ಅಗ್ಗವಾಗಿ ಬಂದದ್ದು ರಾಮಲಿಂಗನಿಗೆ ರುಚಿಸಲಿಲ್ಲ. ರಟ್ಟೆ ಹಿಡಿದು ಎಬ್ಬಿಸಲು ಎಳೆದ. ಲಾಡಲೇಸಾಬ ಚೀರಿದ. ಹಿಂದಿನ ಮನೆಯಿಂದ ಅವನ ಹೆಂಡತಿ ಮಾಶಾಬಿ ಓಡಿ ಬಂದು ಗಂಡನನ್ನು ಹಿಡಿದುಕೊಂಡಳು.

"ಎಳೀಬ್ಯಾಡ್ರಿ, ರಾಮಲಿಂಗಣ್ಣಾ! ಇವರಿಗೆ ಎಲ್ಲಿ ಆಪರೇಶನ್ ಆಗೇತಿ? ಆವತ್ತ ಆಸ್ಪತ್ರ್ಯಾಗ ಇದ್ದ ಕೀಲ ಒಂದ ಅಂತ. 'ನನ್ನ ಧಂದಾ ಕುಂತ ಮಾಡೂದು, ಎತ್ತಿನ ಹಿಂದ ನಡಿಯಾಂವ ಅವನ, ಅವಂಗ ಹಾಕ್ರಿ' ಅಂತ ಹೇಳಿ ಎದ್ದ ಬಂದಾರ."