ಮೊಳೆಯಿಲ್ಲದ ಮನೆ

"ಬಡಗಿ ಒಂದು ಮೊಳೆನೂ ಹೊಡೀದೆ ಕಟ್ಟಿದ ಬಂಗಲೆ ಇದು. ನೂರು ವರ್ಷದ ಬೀಟೆ ಮೆಟ್ಟಿಲಿಗೆ ನಿನ್ನ ಸ್ಟೀಲ್ ಕಂಬಿ ಬೇರೆ ಕೇಡು. ಪಾರಂಪರಿಕ ಕಟ್ಟಡ ಅಂತ ಬೋರ್ಡು ಕೊಡೋಕೆ ಬರೋರು ನಕ್ಕಾರು," ಎನ್ನುತ್ತಲೇ ಗಂಡ ಸ್ಪ್ಯಾನರ್ ಹಿಡಿದು ಕಂಬಿಯನ್ನು ಬಿಚ್ಚಿಯೇಬಿಟ್ಟ.

"ಕಣ್ಣು ಕಾಣದ ನಿಮ್ಮಮ್ಮ ಅದನ್ನ ಹಿಡ್ಕೊಂಡೇ ಇಳಿಯೋದು. ಹೋದ ಸಲ ಬಿದ್ದಾಗ ಆರು ತಿಂಗಳು ಹೇಲು ಉಚ್ಚೆ ಬಳಿದೋಳು ನಾನು," ಎಂದಳು ಸರ್ವಮಂಗಳ.

"ಬಿದ್ರೆ ಮತ್ತೆ ಬಳಿ. ಇನ್ನೇನು ಘನಂದಾರಿ ಕೆಲ್ಸ ಐತೆ ನಿಂಗೆ?"

ಅಧಿಕಾರಿಗಳ ಕಾರಿನ ಸದ್ದಾಯಿತು. ಅವನು ಗೇಟಿಗೆ ಓಡಿದ. ಅವಳು ತನ್ನ ಬಟ್ಟೆಗಳನ್ನು ಚೀಲಕ್ಕೆ ತುರುಕಿ ಹೆಗಲಿಗೇರಿಸಿದಳು.

ಮಹಡಿಯಿಂದ ಅತ್ತೆ ಕೂಗಿ ಕೇಳಿದರು, "ಏನಮ್ಮ ಜಗಳ? ಕಂಬಿ ಬಿಚ್ಚಿಬಿಟ್ನಾ ಹೆಂಗೆ?"

"ಇಲ್ಲ ಅತ್ತೆ, ಅಲ್ಲೇ ಐತೆ. ಹಿಡ್ಕೊಂಡು ಇಳಿದು ಬನ್ನಿ," ಎಂದು ಹೇಳಿ ಹಿತ್ತಿಲ ಬಾಗಿಲಿನಿಂದ ಹೊರಟ ಸರ್ವಮಂಗಳ ಮತ್ತೆ ಬರಲಿಲ್ಲ.