ಮೇಸ್ತ್ರಿಯ ಬೆರಳು

ತಂತಿ ಬಿಗಿಯುವ ಬಿಳಿಯ ಪ್ಲಾಸ್ಟಿಕ್ ಕೇಬಲ್ ಟೈಗಳ ಮೇಲೆ ರಕ್ತ ಕಂಡು ಮೇಸ್ತ್ರಿಗೆ ಪಿತ್ತ ನೆತ್ತಿಗೇರಿತು. ಮಧ್ಯಾಹ್ನದೊಳಗೆ ಆಸ್ಪತ್ರೆಯೊಂದಕ್ಕೆ ಹೋಗಬೇಕಿದ್ದ ವಿದ್ಯುತ್ ಪೆಟ್ಟಿಗೆ ಅದು. ಪಕ್ಕದಲ್ಲಿ ಕಾರ್ಖಾನೆಯ ಮಾಲೀಕ ಬೇರೆ ನಿಂತಿದ್ದ. ಮೇಸ್ತ್ರಿ ಎಂದಿನಂತೆ ಕಣ್ಣು ಮುಚ್ಚಿಕೊಂಡು, ತಂತಿಯ ಕಟ್ಟುಗಳ ಮೇಲೆ ಬೆರಳಾಡಿಸುತ್ತ ಮೇಲಿನಿಂದ ಕೆಳಗೆ ಬಂದು, ಎಲ್ಲ ಸರಿಯಿದೆ ಎನ್ನಲು ಕಣ್ಣು ತೆರೆದರೆ ಕೊನೆಯ ಸಾಲಿನುದ್ದಕ್ಕೂ ಕೆಂಪು ಗೆರೆ. ಬೆರಳಿನಿಂದ ಒರೆಸಿ ನೋಡಿದ. ಇನ್ನೂ ಹಸಿಯಾಗಿತ್ತು.

ಯಾರೋ ಫ್ಲಶ್ ಕಟರ್ ಬಿಟ್ಟು ಕಟಿಂಗ್ ಪ್ಲೇಯರಿನಲ್ಲಿ ಕೆಲಸ ಮುಗಿಸಿ, ತಮ್ಮ ಕೈಯನ್ನೇ ಕೊಯ್ದುಕೊಂಡಿದ್ದಾರೆ ಎಂದು ಅವನು ಆಗಲೇ ತೀರ್ಮಾನಿಸಿದ. ಟೈ ಬಿಗಿದ ಮೇಲೆ ಉಳಿಯುವ ಬಾಲವನ್ನು ಪ್ಲೇಯರಿನಲ್ಲಿ ಕತ್ತರಿಸಿದರೆ ಓರೆಯಾದ ಮೊನೆಯೊಂದು ನಿಲ್ಲುತ್ತದೆ. ನಾಳೆ ರಿಪೇರಿಗೆಂದು ಕೈ ಹಾಕಿದವನಿಗೆ ಮೊಣಕೈವರೆಗೂ ಗೀರು. ಫ್ಲಶ್ ಕಟರಿನ ಬಾಯಿ ಒಂದು ಮಗ್ಗುಲಿಗೆ ಚಪ್ಪಟೆ. ಬಾಲವನ್ನು ಬುಡಕ್ಕೆ ಸಮನಾಗಿ ಕತ್ತರಿಸುತ್ತದೆ, ಹಸುಗೂಸು ಮುಟ್ಟಿದರೂ ಏನಾಗದು. ಇದನ್ನು ಇಪ್ಪತ್ತಾರು ವರ್ಷದಿಂದ ಹೇಳಿ ಹೇಳಿ ಮೇಸ್ತ್ರಿ ಗಂಟಲು ಹರಿದುಕೊಂಡಿದ್ದ. ಅವನು ಬೆರಳಾಡಿಸಿ ನೋಡದೆ ಒಂದು ಪೆಟ್ಟಿಗೆಯೂ ಬಾಗಿಲು ದಾಟಿರಲಿಲ್ಲ. ವಯಸ್ಸು ಮೀರಿದರೂ ಮಾಲೀಕ ಅವನನ್ನು ಇಟ್ಟುಕೊಂಡಿದ್ದು ಆ ಒಂದು ಬೆರಳಿಗಾಗಿ. ಇದು ಮೇಸ್ತ್ರಿಗೂ ಗೊತ್ತಿತ್ತು.

ಪೆಟ್ಟಿಗೆ ಕಟ್ಟುವ ಆರೂ ಜನರನ್ನು ಸಾಲಾಗಿ ನಿಲ್ಲಿಸಿ ಕೈ ತೋರಿಸಲು ಹೇಳಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ; ಪ್ರತಿಯೊಬ್ಬರೂ ಮೊದಲು ತಾವೇ ತಮ್ಮ ಅಂಗೈ ನೋಡಿಕೊಂಡು ಆಮೇಲೆ ಚಾಚಿದರು. ಐವರ ಕೈಯಲ್ಲಿ ಕೊಳೆ ಬಿಟ್ಟರೆ ಬೇರೇನೂ ಇರಲಿಲ್ಲ. ಕೊನೆಯವಳು ಅವನ ಅಕ್ಕನ ಮಗಳು. ಅವಳ ಎರಡು ಬೆರಳುಗಳಿಗೆ ಕಪ್ಪು ಇನ್ಸುಲೇಷನ್ ಟೇಪ್ ಸುತ್ತಿತ್ತು. ಗಾಯವಾದರೆ ಅಲ್ಲಿ ಎಲ್ಲರೂ ಸುತ್ತಿಕೊಳ್ಳುವುದು ಅದನ್ನೇ.

ಅವಳ ಗಂಡ ತೀರಿಕೊಂಡ ವರ್ಷ ಇಲ್ಲಿಗೆ ಕರೆತಂದವನು ಅವನೇ, ಕಟರ್ ಹಿಡಿಯುವುದನ್ನು ಕಲಿಸಿದವನೂ ಅವನೇ. ಈ ತಿಂಗಳು ಅವಳ ಕೆಲಸ ಕಾಯಂ ಆಗುವುದಿತ್ತು.

“ನಿಂದೇನಾ ಇದು?” ಎಂದ.

ಅವಳು ಅವನ ಕೈಯನ್ನೊಮ್ಮೆ ನೋಡಿದಳು, ಮಾಲೀಕನ ಮುಖವನ್ನೊಮ್ಮೆ ನೋಡಿದಳು. “ಹೌದು ಮೇಸ್ತ್ರಿ. ಅವಸರದಲ್ಲಿ ಪ್ಲೇಯರಲ್ಲೇ ಕಟ್ ಮಾಡ್ಬಿಟ್ಟೆ.”

ಅಕ್ಕನ ಮಗಳೆಂದು ಮೇಸ್ತ್ರಿ ಮುಲಾಜು ನೋಡಲಿಲ್ಲ. ನೋಡಲಿಲ್ಲ ಎಂಬುದು ನಾಲ್ಕು ಜನಕ್ಕೆ ತಿಳಿಯಲಿ ಎಂದು ಇನ್ನಷ್ಟು ಜೋರಾಗಿಯೇ ಬೈದ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು ಎಂದು ಕೇಳಿದ. ಅವಳು ತಲೆ ತಗ್ಗಿಸಿ ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡಳು. ಮಾಲೀಕ ಹೆಚ್ಚು ಮಾತಾಡುವವನಲ್ಲ. ಕಾಯಂ ಮಾಡುವ ವಿಚಾರ ಮುಂದಿನ ವರ್ಷ ನೋಡೋಣ, ಈಗ ಆ ಸಾಲನ್ನು ಹೊಸದಾಗಿ ಕಟ್ಟಿಸಿ ಎಂದು ಹೇಳಿ ತನ್ನ ಕೋಣೆಗೆ ಹೋದ. ಉಳಿದವರು ಚಹಾ ಕುಡಿಯಲು ಹೊರಟರು.

ಮೇಸ್ತ್ರಿ ಮೂಲೆಯ ನಲ್ಲಿಗೆ ಹೋಗಿ ಕೈಯೊಡ್ಡಿದ. ಒರೆಸಿದಾಗ ಅಂಟಿದ ರಕ್ತ, ಒಮ್ಮೆ ತೊಳೆದರೆ ಹೋಗಬೇಕಿತ್ತು. ಆದರೆ ನೀರು ಕೆಂಪಾಗಿ ಇಳಿಯುತ್ತಲೇ ಇತ್ತು. ಕೈ ತಿರುಗಿಸಿ ನೋಡಿದರೆ ತೋರುಬೆರಳಿನ ತುದಿ ಸೀಳಿತ್ತು, ಒಂದಲ್ಲ, ಮೂರು ಕಡೆ. ನೋವೇ ಇರಲಿಲ್ಲ. ಹಿಂಡಿ ನೋಡಿದ, ಆಗಲೂ ಇರಲಿಲ್ಲ. ಸಕ್ಕರೆ ಕಾಯಿಲೆ ಹೀಗೇ ಮಾಡುತ್ತದೆ ಎಂದು ಡಾಕ್ಟರು ಎಚ್ಚರಿಸಿದ್ದರು. ಅದು, ಚಪ್ಪಲಿ ಜಾರಿಹೋದದ್ದೂ ತಿಳಿಯದೆ ಅವನು ಅರ್ಧ ಬೀದಿ ನಡೆದುಬಂದ ದಿನದ ಮಾತು. ಕಾಲು ತಾನೇ, ಕೈಯಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದ. ಈಗ ಅವನಿಗೆ ಭಯವಾಯಿತು.

ಅಕ್ಕನ ಮಗಳು ಬಂದು ಪಕ್ಕದಲ್ಲಿ ನಿಂತಳು. ಏನೂ ಕೇಳದೆ ಅವನ ಬೆರಳನ್ನು ತನ್ನ ಸೆರಗಿನಲ್ಲಿ ಒರೆಸಿ ಟೇಪ್ ಸುತ್ತತೊಡಗಿದಳು.

“ನಿಂಗೆ ಗೊತ್ತಿತ್ತಾ?”

“ನಾಲ್ಕು ತಿಂಗಳಾಯ್ತು ಮಾವ. ಅವಸರದಲ್ಲಿ ಒಬ್ರಲ್ಲ ಒಬ್ರು ಪ್ಲೇಯರ್ ಹಿಡೀತಾರೆ. ನೀವು ನೋಡೋಕೆ ಮುಂಚೆ ನಾನು ಒಂದ್ಸಲ ಕೈಯಾಡಿಸಿ, ಚುಚ್ಚಿದ ಕಡೆಯೆಲ್ಲ ಕಟರಲ್ಲಿ ಸರಿ ಮಾಡಿಟ್ಟಿರ್ತಿದ್ದೆ. ಇವತ್ತು ಮಗೂಗೆ ಜ್ವರ, ಬರೋದು ತಡ ಆಗೋಯ್ತು.”

ಅವನು ಅವಳ ಕಪ್ಪು ಟೇಪಿನ ಬೆರಳುಗಳನ್ನು ನೋಡಿದ. ನಾಲ್ಕು ತಿಂಗಳಿಂದ ಪೆಟ್ಟಿಗೆಗಳನ್ನು ಪಾಸು ಮಾಡುತ್ತಿದ್ದವಳು ಇವಳು. ಅಂಥವಳನ್ನು ಎಲ್ಲರೆದುರು ಬೈದೆನಲ್ಲ ಎಂದು ಕರುಳು ಚುರುಕ್ಕೆಂದಿತು. ಮಾಲೀಕನ ಕೋಣೆ ಹತ್ತು ಹೆಜ್ಜೆ ದೂರ. ರಕ್ತ ನನ್ನದು, ತಪ್ಪು ಅವಳದಲ್ಲ, ಎಂದು ಎರಡು ಮಾತು ಹೇಳಿದರೆ ಮುಗಿಯಿತು. ಮೇಸ್ತ್ರಿ ನೆಟ್ಟಗೆ ಹೋಗಿ ಬಾಗಿಲಲ್ಲಿ ನಿಂತ.

ಮಾಲೀಕ ಕಾಗದದಿಂದ ತಲೆಯೆತ್ತಿದ. “ಏನ್ ಮೇಸ್ತ್ರಿ?”

ಟೇಪ್ ಸುತ್ತಿದ ಕೈ ತಾನಾಗಿಯೇ ಜೇಬಿನೊಳಗೆ ಇಳಿಯಿತು. ಇಷ್ಟು ವರ್ಷ ಆ ಬೆರಳನ್ನೇ ನಂಬಿ ಬದುಕಿದವನು ಅವನು. ಏನಿಲ್ಲ, ಪೆಟ್ಟಿಗೆ ಮಧ್ಯಾಹ್ನದೊಳಗೆ ರೆಡಿಯಾಗುತ್ತದೆ ಎಂದಷ್ಟೇ ಹೇಳಿ ಹಿಂತಿರುಗಿದ.

ಅವಳು ಆಗಲೇ ನೆಲದ ಮೇಲೆ ಕುಳಿತು, ಕೊನೆಯ ಸಾಲಿನ ಟೈಗಳನ್ನು ಒಂದೊಂದಾಗಿ ಕತ್ತರಿಸಿ ತೆಗೆಯುತ್ತಿದ್ದಳು. ಅವನನ್ನು ಕಂಡು ಕೈ ನಿಲ್ಲಿಸಿ ಮುಖ ನೋಡಿದಳು. ಹೊರಗೆ ಚಹಾ ಮುಗಿಸಿ ಬರುತ್ತಿದ್ದವರ ಮಾತು ಹತ್ತಿರವಾಗುತ್ತಿತ್ತು. ಮೇಸ್ತ್ರಿ ಅವಳ ಪಕ್ಕ ಕುಕ್ಕರುಗಾಲಲ್ಲಿ ಕುಳಿತು, ಯಾರಿಗೂ ಕೇಳದಂತೆ ದನಿ ತಗ್ಗಿಸಿದ.

“ನಾಳೆಯಿಂದ ಸ್ವಲ್ಪ ಬೇಗ ಬಾ, ಮಗಳೇ.”